ಬಸ್ ಓಡಿಸುತ್ತಿದ್ದ ತಾತ

ವಂಶದ ಕಥೆ ಕೆದಕಲು ಹೊರಟಿದ್ದ ತಮ್ಮನ ಮಗಳು ಮೇಜಿನ ಮೇಲಿಟ್ಟ ಫೋಟೋವನ್ನು ದೊಡ್ಡಪ್ಪ ಕಸಿದುಕೊಂಡು ಹರಿಯಲು ಹೊರಟರು. ಅದರಲ್ಲಿ ಬಸ್ಸಿನ ಸ್ಟೀರಿಂಗ್ ಹಿಡಿದು ನಗುತ್ತಿದ್ದ ಮುದುಕನಿಗೆ ಥೇಟ್ ಅವರದೇ ಮೂಗು.

"ನಮ್ಮಪ್ಪ ನಾನು ಹುಡುಗನಾಗಿದ್ದಾಗ್ಲೇ ಹೊಳೇಲಿ ಮುಳುಗಿ ಸತ್ತ. ಯಾರೋ ಕಂಡೋರ ಕಥೆ ತಂದು ಮನೆ ಮಾನ ಕಳೀತೀಯಾ?"

"ಸತ್ತಿರ್ಲಿಲ್ಲ ದೊಡ್ಡಪ್ಪಾ. ಪಕ್ಕದೂರಲ್ಲೇ ಬಸ್ ಓಡಿಸ್ಕೊಂಡಿದ್ರು. ಅಲ್ಲಿ ಅವ್ರಿಗೊಬ್ಬ ಮಗಳಿದಾರೆ, ಅವ್ರೇ ಕೊಟ್ರು ಇದನ್ನ."

"ಎದ್ದು ಆಚೆ ಹೋಗು! ಇನ್ನೊಂದು ಮಾತಾಡಿದ್ರೆ ಹಲ್ಲು ಉದುರಿಸ್ತೀನಿ."

ಅವಳು ಜಗ್ಗಲಿಲ್ಲ. ಈ ಮನೆತನದ ಮಕ್ಕಳಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ನೀರಿಗೆ ಕಾಲಿಟ್ಟವರ ಬೆನ್ನ ಮೇಲೆಲ್ಲ ದೊಡ್ಡಪ್ಪನ ಬೆಲ್ಟಿನ ಬರೆ ಎದ್ದಿತ್ತು. ಅವಳ ಬೆನ್ನ ಮೇಲೂ.

ಆಗ ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಮಗನ ಕಡೆ ತಿರುಗಿದರು. "ಅವಳ ಮೇಲ್ಯಾಕೆ ಹಾರಾಡ್ತೀಯೋ? ಮುಳುಗಿದ ಅಂತ ಹೇಳಿದ್ದು ನಾನು, ನೀನು ಅವನ ಹಿಂದೆ ಹೋಗ್ಬಾರ್ದು ಅಂತ. ಆಮೇಲೊಂದಿನ ನಿನ್ನ ನೋಡ್ಬೇಕು ಅಂತ ಬಾಗಿಲಿಗೆ ಬಂದಿದ್ದ. ನಾನೇ ಅಟ್ಟಿದೆ."

"ನಾನೆಲ್ಲಿದ್ದೆ ಆಗ?"

"ಹೊಳೆ ದಂಡೇಲಿ. ಅವನು ಮೇಲೆ ಬರ್ತಾನೆ ಅಂತ ಕಾಯ್ತಾ ಕೂತಿದ್ದೆ ನೀನು."

ದೊಡ್ಡಪ್ಪ ಫೋಟೋವನ್ನು ನಿಧಾನವಾಗಿ ಎದೆಯ ಜೇಬಿಗಿಟ್ಟುಕೊಂಡರು. ತಾಯಿಯ ಕಡೆ ಕಣ್ಣೆತ್ತದೆ ತಮ್ಮನ ಮಗಳಿಗೆ ಹೇಳಿದರು: "ಇವಳನ್ನ ನಿಮ್ಮನೆಗೆ ಕರ್ಕೊಂಡು ಹೋಗು. ಈಗ್ಲೇ."