ಗುಡ್ಡದ ಹೊಸ ದನಿ

ಕಾಡಿನಲ್ಲಿ ಬರಿಗಾಲಿಟ್ಟರೆ ಮಣ್ಣೊಳಗಿನ ಶಿಲೀಂಧ್ರಗಳ ಗುನುಗು ಅಂಗಾಲಿಗೆ ಕೇಳುತ್ತದೆ. ಅಕೇಶಿಯಾ ನೆಟ್ಟಂದಿನಿಂದ ಊರ ಹಿಂದಿನ ಗುಡ್ಡ ಮಾತ್ರ ಮೂಕವಾಗಿತ್ತು. ಆ ಮರಗಳನ್ನು ಕಡಿದ ಮೇಲೆ ರೊಜಿನಾ ಸಿದ್ದಿ ಹಳೆಯ ಕಾಡಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು, ಅಲ್ಲಿ ಹೊಸದಾಗಿ ನೆಟ್ಟ ಪ್ರತಿ ಹೊನ್ನೆ ಸಸಿಯ ಬುಡಕ್ಕೂ ಒಂದೊಂದು ಹಿಡಿ ಹಾಕಿದ್ದಳು. ಈ ಮಳೆಗಾಲವೂ ನೆಲ ಸುಮ್ಮನಿದ್ದರೆ ಮತ್ತೆ ಅಕೇಶಿಯಾ ನೆಡುವುದೆಂದು ಊರಿನಲ್ಲಿ ತೀರ್ಮಾನವಾಗಿತ್ತು.

ಮಳೆ ನಿಂತು ಹೊಳವಾದ ಬೆಳಿಗ್ಗೆ ಅವಳು ಅತ್ತೆಯನ್ನು ಕೈಹಿಡಿದು ಗುಡ್ಡ ಹತ್ತಿಸಿದಳು. ಸಸಿಗಳ ನಡುವೆ ಮುದುಕಿ ಚಪ್ಪಲಿ ಕಳಚಿ ನಿಂತಳು. ಕಣ್ಣು ಮುಚ್ಚಿ ಅಂಗಾಲನ್ನು ಮಣ್ಣಿಗೆ ಒತ್ತಿದಳು.

"ಎಂತಾಯ್ತು ಅತ್ತೆ, ಕೇಳ್ತದ್ಯಾ?"

"ನಾ ಸಣ್ಣಾಕಿ ಇದ್ದಾಗ ಕೇಳಿದ್ದ ದನಿ ಅಲ್ಲ ಇದು. ಬ್ಯಾರೇನೇ ಅದೆ. ಈಗಷ್ಟೇ ಹುಟ್ಟಿದ ಕೂಸಿನಾಂಗೆ."

ರೊಜಿನಾಳೂ ಚಪ್ಪಲಿ ಬಿಟ್ಟಳು. ಅಂಗಾಲಿನಿಂದ ಎದೆಯವರೆಗೆ ಗುನುಗಿನ ಸಣ್ಣ ನಡುಕ ಏರಿತು. ಎಲ್ಲಿ ಆ ಎಳೆಯ ದನಿಯನ್ನು ತುಳಿದುಬಿಡುತ್ತೇವೋ ಎಂದು ಇಬ್ಬರಿಗೂ ಕಾಲೆತ್ತಲು ಧೈರ್ಯವಾಗಲಿಲ್ಲ.