ಟೇಪಿನ ತುದಿ

ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟಕ್ಕೆ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಸಣ್ಣ ವಿಶ್ವವಿದ್ಯಾಲಯವೊಂದು ಅರ್ಜಿ ಹಾಕಿದ್ದಕ್ಕೆ, ಒಕ್ಕೂಟದ ಕಾರ್ಯದರ್ಶಿಯೇ ಟೇಪು ಹಿಡಿದು ಮೈದಾನ ಅಳೆಯಲು ಬಂದಿದ್ದ.

"ನಮ್ಮ ಅಷ್ಟೂ ಟ್ರ್ಯಾಕ್ ಎಳೆದಿರೋದು ಇದೇ ಟೇಪಲ್ಲಿ. ನಾನೂರು ಮೀಟರ್ ಓಟದಲ್ಲಿ ನಮ್ಮವರಿಗಿಂತ ಒಂದು ಸೆಕೆಂಡ್ ಹಿಂದಿದ್ದೀರಿ. ಈ ಆಮೆಗಳನ್ನ ಕಟ್ಕೊಂಡು ನಮ್ಮ ಸಮಕ್ಕೆ ಬರ್ತೀರಾ?"

ಅಲ್ಲಿನ ಕೋಚ್ ದೇಚಮ್ಮನಿಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡು ಅವನ ಹಿಂದೆಯೇ ಹೆಜ್ಜೆ ಹಾಕಿದಳು.

ಐವತ್ತು ಮೀಟರಿನ ಟೇಪನ್ನು ಒಂಬತ್ತು ಸಲ ಹಾಸಿ ಒಂದು ಸುತ್ತು ಅಳೆದು ಅವನು ನಕ್ಕ. "ನಾನೂರೊಂಬತ್ತು! ಟ್ರ್ಯಾಕ್ ಎಳೆಯೋಕೂ ಬರಲ್ವಲ್ರೀ ನಿಮಗೆ!"

ದೇಚಮ್ಮ ಬಗ್ಗಿ ಟೇಪಿನ ತುದಿ ಎತ್ತಿಕೊಂಡಳು. ಹರಿದ ಮೊದಲ ಮೀಟರನ್ನು ಕತ್ತರಿಸಿ ಯಾರೋ ಕೊಂಡಿ ಹಾಕಿದ್ದರು. ಸೊನ್ನೆ ಇರಬೇಕಾದಲ್ಲಿ ಒಂದು ಇತ್ತು.

"ಹಂಗಾದ್ರೆ ನಿಮ್ಮಲ್ಲಿ ಇವತ್ತಿನವರೆಗೂ ಯಾರೂ ಪೂರ್ತಿ ನಾನೂರು ಓಡೇ ಇಲ್ಲ ಸಾರ್."