ಕಂತು ತಪ್ಪಿದ ಮರುದಿನ

"ಬ್ಯಾಂಕಿನ ತಪ್ಪಲ್ಲ ಮೇಡಂ," ಎನ್ನುತ್ತ ಕೌಂಟರಿನ ಆಶಾರಾಣಿ ಕಂಪ್ಯೂಟರಿನ ಪರದೆಯನ್ನೇ ಮಹಾದೇವಿಯತ್ತ ತಿರುಗಿಸಿದಳು. "ಬೈಕ್ ಕಂತಿಗೆ ಬೇಕಾದಷ್ಟು ದುಡ್ಡು ಇರುತ್ತೆ. ಹಿಂದಿನ ದಿನ ನಿಮ್ಮ ಯಜಮಾನ್ರೇ ತೆಗೆದುಬಿಡ್ತಾರೆ. ಕಂತು ಬೌನ್ಸ್ ಆಗುತ್ತೆ, ದಂಡ ಬೀಳುತ್ತೆ. ಆಮೇಲೆ ಅದೇ ದುಡ್ಡು ವಾಪಸ್ ತಂದು ಹಾಕ್ತಾರೆ. ಪ್ರತಿ ತಿಂಗಳೂ ಇದೇ ಕಥೆ."

ನಿನ್ನೆ ಬಂದ ದಂಡದ ಮೆಸೇಜು ಹಿಡಿದು ಜಗಳಕ್ಕೆಂದೇ ಬಂದಿದ್ದ ಮಹಾದೇವಿ ಪರದೆಯ ತಾರೀಖುಗಳನ್ನು ಒಂದೊಂದಾಗಿ ನೋಡಿದಳು. ಬ್ಯಾಂಕಿನವರದೇ ಕಿತಾಪತಿ ಎಂದು ಗಂಡ ಹೇಳಿದ್ದನ್ನು ಇಷ್ಟು ದಿನ ನಂಬಿದ್ದಳು.

"ಕುಡೀತಾರಾ?" ಆಶಾರಾಣಿ ದನಿ ತಗ್ಗಿಸಿದಳು.

"ಚಾ ಬಿಟ್ರ ಏನೂ ಮುಟ್ಟಂಗಿಲ್ರಿ."

ಪೀಣ್ಯದ ರಸ್ತೆಯುದ್ದಕ್ಕೂ ಅವಳು ಯೋಚಿಸಿದಳು. ಕುಡಿಯುವವನು ದುಡ್ಡು ವಾಪಸ್ ತರುವುದಿಲ್ಲ. ಜೂಜಾಡುವವನೂ ತರುವುದಿಲ್ಲ. ಹಾಗಾದರೆ?

ಉತ್ತರ ಕೊಟ್ಟವಳು ಮನೆ ಓನರ್ ಭದ್ರಮ್ಮ. "ಏಳ್ಬಾರ್ದು ಅಂತಿದ್ದೆ ಕಣಮ್ಮ. ನಿನ್ ಗಂಡ ಮೆಟ್ಲಲ್ಲಿ ಕೂತ್ಕಂಡು ಯಾವಳತ್ರಾನೋ ಫೋನಲ್ಲಿ ನಗ್ತಾ ಇರ್ತಾನೆ. ಬಾಯ್ ತೆಗುದ್ರೆ ಮೇಡಂ, ಮೇಡಂ. ಯಾವ ಇಸ್ಕೂಲ್ ಮೇಡಮ್ಮೋ ಏನೋ!"

ಮಹಾದೇವಿ ಒಳಗೆ ಹೋಗಿ ಟ್ರಂಕಿಗೆ ಸೀರೆ ತುಂಬಿದಳು. ನಿಜವಾದರೆ ಇವತ್ತೇ ತವರಿನ ಬಸ್ಸು. ಹಟಕ್ಕೆ ಬಿದ್ದರೆ ಅವಳು ಅವಳೇ. ಹೇಳದೆ ಕೇಳದೆ ಮದುವೆಯಾದ ಭುವನೇಶ್ವರಿಯನ್ನು, ಹೆತ್ತ ಮಗಳೆಂದೂ ನೋಡದೆ, ಹೊಸ್ತಿಲಾಚೆಯೇ ನಿಲ್ಲಿಸಿ ಕಳಿಸಿದ್ದಳು. ಇನ್ನೆಂದೂ ಅವಳಿಗೆ ಫೋನ್ ಮಾಡುವುದಿಲ್ಲವೆಂದು ಗಂಡನಿಂದ ಯಲ್ಲಮ್ಮನ ಆಣೆ ಹಾಕಿಸಿದ್ದಳು. ಅಂಥವಳು ಸವತಿಯನ್ನು ಸಹಿಸಿಯಾಳೆ?

ಸಂಜೆ ಗಂಡ ಯಮನಪ್ಪ ಫ್ಯಾಕ್ಟರಿಯಿಂದ ಬಂದ. ಚಾ ಕುಡಿಯಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ಅದು ಒಮ್ಮೆ ರಿಂಗಾದದ್ದೇ ತಡ, ಎದ್ದು ಮೆಟ್ಟಿಲಿಗೆ ನಡೆದ. ಮಹಾದೇವಿ ಬರಿಗಾಲಲ್ಲಿ ಹಿಂಬಾಲಿಸಿದಳು.

"ಹೇಳ್ರಿ ಮೇಡಂ... ಹೌದ್ರಿ, ತಪ್ಪಾಗೇತಿ. ನಾಳೆ ಕಟ್ತೀನ್ರಿ." ದನಿ ಮೆತ್ತಗಾಯಿತು. "ನಿಮ್ದು ಊಟ ಆತೇನ್ರಿ? ಕೆಮ್ಮು ಕಡಿಮಿ ಆತಿಲ್ಲೋ?... ಸಾಕ್ರಿ ಮೇಡಂ, ಭಾಳ ಮಾತಾಡಬ್ಯಾಡ್ರಿ. ನಿಮ್ ಸಾಹೇಬ್ರು ಬೈದಾರು."

ಮಹಾದೇವಿ ಫೋನು ಕಿತ್ತುಕೊಂಡಳು. "ಯಾವಾಕಿ ಇಕಿ? ಇಕಿ ಸಲುವಾಗಿ ದಂಡ ಕಟ್ಟಾಕತ್ತೀ ಏನು?"

"ಫೈನಾನ್ಸ್ ಕಂಪನಿ ಮೇಡಂ," ಯಮನಪ್ಪ ತಲೆ ಎತ್ತಲಿಲ್ಲ. "ನಮ್ಮ ಸಾಲದ ವಸೂಲಿ ಆಕಿ ಪಾಲಿಗೆ ಬಂದೈತಿ. ಕಂತು ತಪ್ಪಿದ್ರ ಮಾತ್ರ ಆಕಿ ಫೋನ್ ಮಾಡ್ತಾಳ. ನಾ ಆಗಿ ಒಮ್ಮೆನೂ ಮಾಡಿಲ್ಲ, ಮಾದೇವಿ."

"ನಾಚಿಕಿ ಇಲ್ಲ ನಿನಗ!" ಅವಳು ಫೋನನ್ನು ಕಿವಿಗಿಟ್ಟಳು. "ಯಾರವಾ ನೀ? ಹೆಸರು ಹೇಳು!"

ಆ ಕಡೆ ಹತ್ತಾರು ಹುಡುಗಿಯರ ಮಾತಿನ ಗಜಿಬಿಜಿ. ಆಮೇಲೆ ಬಾಯಿಪಾಠದ ಸಾಲು: "ನಮಸ್ಕಾರ ಮೇಡಂ, ಈ ಕರೆ ರೆಕಾರ್ಡ್ ಆಗುತ್ತಿದೆ..." ಸಾಲು ಅಲ್ಲೇ ನಿಂತಿತು.

"ಅವ್ವಾ, ನಾ ಭುವನೇಶ್ವರಿ. ಫೋನ್ ಇಡಬ್ಯಾಡ."